ಮೊಳಕ್ಕಿಂತ ಸಣ್ಣ ಮೀನು

ಕಂಪ್ಲಿ ಕೋಟೆಯಿಂದ ಸೇತುವೆಗೆ ಇಳಿಯುವ ರಸ್ತೆಯಲ್ಲಿ ನಿಂಗಕ್ಕನ ಖಾನಾವಳಿ. ಒಂದು ಬೋರ್ಡು ಹಾಕಿಸೋಣ ಎಂದು ಗಂಡ ಗುಡ್ಡಪ್ಪ ಹೇಳುತ್ತಲೇ ಇದ್ದ, ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಮಧ್ಯಾಹ್ನ ಸಾರಿಗೆ ಒಗ್ಗರಣೆ ಬಿದ್ದರೆ ಗಂಗಾವತಿ ಕಡೆ ಹೊರಟ ಲಾರಿಗಳು ತಾವಾಗಿ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ತಗಡಿನ ಚಪ್ಪರ, ನಾಲ್ಕಾರು ಬೆಂಚು, ಒಳಗೆ ಎರಡು ಒಲೆ. ರೊಟ್ಟಿ ಬಡಿಯುವುದಕ್ಕೆ ಹಿಂದಿನ ಓಣಿಯ ಲಲಿತಾ ಬರುತ್ತಿದ್ದಳು. ಗುಡ್ಡಪ್ಪ ಹೊಳೆಯಲ್ಲಿ ಬಲೆ ಹಾಕುವವನು. ಅವನು ಹಿಡಿದದ್ದು, ಅವನ ಜೊತೆಯವರು ಹಿಡಿದದ್ದು, ಬೆಳಗಾಗುತ್ತಲೇ ನಿಂಗಕ್ಕನ ಈಳಿಗೆಯ ಮುಂದೆ ಬಂದು ಬೀಳುತ್ತಿತ್ತು.

ಖಾನಾವಳಿಗೆ ಹೆಸರು ತಂದದ್ದು ಬಾಳೆ ಮೀನಿನ ಸಾರು. ಬಾಳೆ ಅಂದರೆ ತುಂಗಭದ್ರೆಯ ಉದ್ದ ಮೀಸೆಯ ಮೀನು. ಮೈಮೇಲೆ ಹುರುಪೆ ಇಲ್ಲ, ಬಾಯಿ ಕಣ್ಣಿನ ಹಿಂದಿನವರೆಗೆ ಸೀಳಿದಂತೆ ಇರುತ್ತದೆ. ನಡುವಿನ ಎಲುಬೊಂದನ್ನು ಬಿಡಿಸಿದರೆ ಮಾಂಸದಲ್ಲಿ ಸಣ್ಣ ಮುಳ್ಳಿನ ಕಾಟವಿಲ್ಲ. ಮರಿಯಾದರಂತೂ ಬೆಣ್ಣೆ. ಹಲ್ಲು ಬಾರದ ಕೂಸಿಗೂ ಹಲ್ಲು ಬಿದ್ದ ಮುದುಕರಿಗೂ ಹೆದರದೆ ತಿನ್ನಿಸಬಹುದು. ಹಾಲು ಹೆಚ್ಚುತ್ತದೆಂದು ಬಾಣಂತಿಯರ ಮನೆಯವರು ಸ್ಟೀಲ್ ಡಬ್ಬಿ ಹಿಡಿದು ಹೊಸಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುವ ಜಂಬುನಾಥ್ ತನ್ನ ಕೆಲಸ ಇರಲಿ ಬಿಡಲಿ, ವಾರಕ್ಕೊಮ್ಮೆ ಬೈಕಿನಲ್ಲಾದರೂ ಬಂದು ತಿಂದು ಹೋಗುತ್ತಿದ್ದ. "ಬಾಳಿ ಮರಿ ಐತೇನಕ್ಕ?" ಎಂದು ಕೇಳಿಯೇ ಅವನು ಗಾಡಿಯ ಸ್ಟ್ಯಾಂಡ್ ಹಾಕುವುದು.

ನಿಂಗಕ್ಕ ಹುಟ್ಟಿದ್ದು ಹಂಪಿಯ ಕಡೆ. ಅಪ್ಪ ಹರಿಗೋಲು ಹಾಕಿ ಜನರನ್ನು ಆನೆಗೊಂದಿಯ ದಡಕ್ಕೆ ದಾಟಿಸುತ್ತಿದ್ದ. ಹರಿಗೋಲಿನಲ್ಲೇ ಬೆಳೆದ ಹುಡುಗಿಗೆ ನೀರಿನ ಭಯವಿರಲಿಲ್ಲ, ಮೀನಿನ ಭಯವಿತ್ತು. ಮದುವೆಯಾಗಿ ಕಂಪ್ಲಿಗೆ ಬಂದ ಹೊಸದರಲ್ಲಿ ಅತ್ತೆ ಎರ್ರಮ್ಮ ಸೊಸೆಯ ಮುಂದೆ ಒಂದು ಬಾಳೆ ಮೀನು ಎಳೆದು ಹಾಕಿದಳು. ಅದು ಅಂಗಳದ ಈ ಕಲ್ಲಿನಿಂದ ಆ ಕಲ್ಲಿನವರೆಗೆ ಚಾಚಿಕೊಂಡಿತ್ತು. ಸತ್ತಿದೆಯೆಂದು ನಂಬಿ ನಿಂಗಕ್ಕ ಬಾಯಿಯೊಳಗೆ ಬೆರಳಿಟ್ಟು ಎತ್ತಲು ಹೋದಳು, ಮೀನು ಗಬಕ್ಕನೆ ಬಾಯಿ ಮುಚ್ಚಿತು. ಅವಳ ಕೂಗಿಗೆ ಓಣಿಯೇ ಓಡಿ ಬಂತು. ಎರ್ರಮ್ಮ ಗಾಯಕ್ಕೆ ಅರಿಶಿನ ಒತ್ತುತ್ತಾ, ನಗು ತಡೆಯಲಾರದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಹೊಳಿ ನಿನ್ನ ಮಾತಾಡಿಸ್ತು ಬಿಡವ್ವ, ಇನ್ನ ನೀ ನಮ್ಮಾಕಿ ಆದಿ" ಎಂದಳು. ಒಲೆಯ ಬೂದಿ ಕೈಗೆ ಮೆತ್ತಿಕೊಂಡು ಜಾರುವ ಮೀನನ್ನು ಹಿಡಿಯುವುದನ್ನೂ, ಹುಣಸೆಹುಳಿ ಎಷ್ಟು ಕುದಿದ ಮೇಲೆ ತುಂಡು ಬಿಡಬೇಕೆಂಬುದನ್ನೂ ಆ ಅತ್ತೆಯೇ ಕಲಿಸಿದಳು. ಆಕೆ ತೀರಿಕೊಂಡ ಮೇಲೆ ನಿಂಗಕ್ಕ ರಸ್ತೆಗೆ ಬಂದು ಈ ಒಲೆ ಹೂಡಿದಳು.

ಮೀನು ಸಣ್ಣದಾಗುತ್ತಾ ಬಂದದ್ದು ಒಂದು ದಿನದಲ್ಲಿ ಅಲ್ಲ. ಮೊದಮೊದಲು ಒಂದು ಮೀನು ಕೊಯ್ದರೆ ಬೋಗುಣಿ ತುಂಬುತ್ತಿತ್ತು. ಆಮೇಲೆ ಎರಡು ಬೇಕಾದವು, ಆಮೇಲೆ ಬುಟ್ಟಿಗಟ್ಟಲೆ. ಗಿರಾಕಿಗಳು ಕೇಳುತ್ತಿದ್ದದ್ದೂ ಮರಿಯನ್ನೇ ಆದ್ದರಿಂದ ಯಾರಿಗೂ ಕೊರತೆ ಅನ್ನಿಸಲಿಲ್ಲ. ನಿಂಗಕ್ಕನಿಗೂ ಅನ್ನಿಸಲಿಲ್ಲ. ಮಿರಗದ ಮಳೆ, ಅಂದರೆ ಮೃಗಶಿರೆ, ಕೂಡುವ ದಿನ ಮೀನು ತಿನ್ನಬೇಕೆನ್ನುವುದು ಆ ಕಡೆಯ ರೂಢಿ. ಅವತ್ತು ಖಾನಾವಳಿಯ ಮುಂದೆ ಜಾತ್ರೆ. ಒಂದು ವರ್ಷ ಆ ದಿನದ ಗದ್ದಲವೆಲ್ಲ ಮುಗಿದು, ಈಳಿಗೆ ತೊಳೆದು ಗೋಡೆಗೆ ಒರಗಿಸುವಾಗ ಅವಳ ಕೈ ತಟ್ಟನೆ ನಿಂತಿತು. ಬೆಳಗಿನಿಂದ ಅಷ್ಟು ಮೀನಿನ ಹೊಟ್ಟೆ ಸೀಳಿದ್ದಳು, ಒಂದರಲ್ಲೂ ತತ್ತಿ ಸಿಕ್ಕಿರಲಿಲ್ಲ. ಮಿರಗದ ಹೊತ್ತಿಗೆ ಬಾಳೆ ಮೀನಿನ ಹೊಟ್ಟೆಯಲ್ಲಿ ನವಣೆಯ ಹಾಗೆ ತತ್ತಿ ತುಂಬಿರಬೇಕು. ಅತ್ತೆ ಅದನ್ನು ಎಣ್ಣೆಯಲ್ಲಿ ಹುರಿದು ಮೊಮ್ಮಗಳು ಜ್ಯೋತಿಲಕ್ಷ್ಮಿಯ ತಟ್ಟೆಗೆ ಹಾಕುತ್ತಿದ್ದಳು. ಹಿಂದಿನ ವರ್ಷ ಸಿಕ್ಕಿತ್ತೇ? ಅದರ ಹಿಂದಿನ ವರ್ಷ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಗುಡ್ಡಪ್ಪ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ಏನ್ರಿ, ತತ್ತಿ ಇರೂ ಬಾಳಿ ನೋಡಿ ಎಷ್ಟು ದಿನ ಆತು?"

"ಯಾಕ, ಯಾರರ ಕೇಳಿದ್ರೇನು?"

"ಯಾರೂ ಕೇಳಿಲ್ಲ. ನಾನ ಕೇಳಾಕತ್ತೀನಿ. ತತ್ತಿ ಹಾಕೂ ಮೀನನ ಬರಲಿಲ್ಲಂದ್ರ ಈ ಮರಿ ಎಲ್ಲಿಂದ ಬರಬೇಕು? ಬಂದಷ್ಟು ಮರೀನೂ ನಾವ ಕುದಿಸಿ ಇಟ್ರ ತತ್ತಿ ಹಾಕಾಕ ದೊಡ್ಡದು ಯಾವಾಗ ಆಗಬೇಕು?"

ಗುಡ್ಡಪ್ಪ ಲೋಟ ಕೆಳಗಿಟ್ಟ. ಅವನಿಗೆ ಇದು ಹೊಸ ಮಾತಲ್ಲ, ಹೊಳೆಯ ದಡದಲ್ಲಿ ಗಂಡಸರು ದಿನಾ ಆಡುವ ಮಾತೇ. ಡ್ಯಾಮಿನವರು ನೀರು ಬಿಡುವ ಹೊತ್ತು ಬದಲಾಗಿದೆ, ಮಳೆ ಬಂದಾಗ ಹೊಳೆ ಏರುವುದಿಲ್ಲ, ಏರಿದಾಗ ಒಮ್ಮೆಲೇ ಏರುತ್ತದೆ. ಮರಳು ತೋಡಿ ತೋಡಿ ಮಡುವುಗಳ ತಳವೇ ಕೆಟ್ಟಿದೆ. ಮೇಲಿನ ಕಡೆ ನೀರುನಾಯಿಗಳು ಹೆಚ್ಚಾಗಿವೆ. ಮರಿಗಳು ಕಾಲುವೆಗೆ ನುಗ್ಗಿ ಗದ್ದೆ ಸೇರಿ ಸಾಯುತ್ತವೆ. ಎಲ್ಲವನ್ನೂ ಅವನು ಒಂದೊಂದಾಗಿ ಹೇಳಿದ. ನಿಂಗಕ್ಕ ಪೂರ್ತಿ ಕೇಳಿಸಿಕೊಂಡಳು.

"ಇರಬೌದ್ರಿ. ಡ್ಯಾಮಿಗೆ ನಾ ಹೇಳಾಕ ಬರಂಗಿಲ್ಲ, ನೀರುನಾಯಿಗೂ ಹೇಳಾಕ ಬರಂಗಿಲ್ಲ. ನಾಳಿಂದ ಮೊಳಕ್ಕಿಂತ ಸಣ್ಣ ಬಾಳಿ ನನ್ನ ಒಲಿಗೆ ಬ್ಯಾಡ."

"ಲೇ ನಿಂಗಿ, ತಲಿ ನೆಟ್ಟಗ ಐತಿಲ್ಲ? ಮರಿ ಸಾರು ಬಿಟ್ರ ಇಲ್ಲಿಗೆ ಯಾರು ಬರ್ತಾರ?"

"ಬಂದೋರು ಬರ್ಲಿ."

ಅವಳು ತನ್ನ ಮೊಳಕೈಯನ್ನು ಹೊಸ್ತಿಲಿಗೆ ಊರಿ, ಕೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ, ನಡುಬೆರಳು ಮುಟ್ಟಿದಲ್ಲಿ ಇದ್ದಿಲಿನಿಂದ ಗೀಟು ಎಳೆದಳು. ಮರುದಿನ ಮೀನು ತಂದವರೆಲ್ಲ ಆ ಗೀಟಿಗೆ ಹಿಡಿದು ನೋಡಬೇಕಾಯಿತು. ಗುಡ್ಡಪ್ಪನ ಜೊತೆಗಾರ ಪಾಲಪ್ಪನ ಬುಟ್ಟಿಯಲ್ಲಿ ಒಂದೂ ಗೀಟು ಮುಟ್ಟಲಿಲ್ಲ. ಪಾಲಪ್ಪ ವಯಸ್ಸಿನಲ್ಲಿ ಗುಡ್ಡಪ್ಪನಿಗಿಂತ ಹಿರಿಯ, ಮಾತು ಕಡಿಮೆ, ಸಿಟ್ಟು ಹೆಚ್ಚು. "ಮೀನಿಗೆ ಅಂಗಿ ಹೊಲಿಸ್ತೀಯೇನಕ್ಕ, ಅಳತಿ ತಗೊಳ್ಳಾಕ?" ಎಂದವನೇ ಬುಟ್ಟಿಯನ್ನು ತಲೆಗೇರಿಸಿ ಹೊಸಪೇಟೆಯ ಬಸ್ಸು ಹತ್ತಿದ. ಅವನ ಹಿಂದೆ ಉಳಿದವರೂ ಹೋದರು. ಹೊಸಪೇಟೆಯ ಮಾರ್ಕೆಟ್ಟಿನಲ್ಲಿ ಯಾರೂ ಗೀಟು ಎಳೆದಿರಲಿಲ್ಲ.

ಗುಡ್ಡಪ್ಪನ ಪಾಡು ಹೇಳತೀರದು. ಹೊಳೆಯಲ್ಲಿ ಅವನ ಹರಿಗೋಲು ಕಂಡರೆ ಸಾಕು, "ಮೊಳದ ಗುಡ್ಡಪ್ಪ ಬಂದ" ಎಂದು ಕೂಗುವರು. ಆದರೂ ಅವನು ಹೆಂಡತಿಯ ಮಾತು ಮೀರಲಿಲ್ಲ, ಬಲೆಗೆ ಬಿದ್ದ ಮರಿಗಳನ್ನು ಗೊಣಗುತ್ತಲೇ ಬಿಡಿಸಿ ನೀರಿಗೆ ಎಸೆಯುತ್ತಿದ್ದ. ಒಲೆಯಂತೂ ಉರಿಯಬೇಕಲ್ಲ. ನಿಂಗಕ್ಕ ಆಂಧ್ರದ ಕೆರೆಗಳಿಂದ ಐಸಿನ ಪೆಟ್ಟಿಗೆಯಲ್ಲಿ ಬರುವ ಪಂಗಾಸ್ ಮೀನು ತರಿಸಿದಳು. ಅದಕ್ಕೂ ಮೀಸೆಯಿದೆ, ಅದರಲ್ಲೂ ಮುಳ್ಳಿಲ್ಲ. ಜಂಬುನಾಥ್ ಒಂದು ತುತ್ತು ಬಾಯಿಗಿಟ್ಟು, ಉಳಿದ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದ.

"ಅಕ್ಕ, ಸಾರು ನಿಂದ ಐತಿ. ಮೀನ ನಮ್ಮ ಹೊಳಿದಲ್ಲ."

"ಹೌದಪ್ಪ, ಅಲ್ಲ. ಕೇಳಿದ್ರ ಹೇಳಬೇಕಂತನ ಇದ್ದೆ."

ಅವನು ತಟ್ಟೆ ಬಿಡಲಿಲ್ಲ, ಆದರೆ ಮೊಟ್ಟೆ ಸಾರು ಇದೆಯೇ ಎಂದು ಕೇಳಿದ. ಆಮೇಲಿನ ವಾರಗಳಲ್ಲಿ ಅವನ ಬೈಕು ಕಾಣುವುದು ಅಪರೂಪವಾಯಿತು. ಬಾಣಂತಿಯರ ಡಬ್ಬಿಗಳೂ ನಿಂತವು. ಮಧ್ಯಾಹ್ನ ಬೆಂಚುಗಳು ಖಾಲಿ ಉಳಿದಾಗ ಲಲಿತಾ ರೊಟ್ಟಿ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ ರಸ್ತೆ ನೋಡುತ್ತಾ ಕೂರುತ್ತಿದ್ದಳು. ನಿಂಗಕ್ಕ ಅವಳಿಗೆ ಬೇರೆ ಕಡೆ ಹೋಗು ಅಂದಳು. ಅವಳು ಹೋಗಲಿಲ್ಲ.

ಆ ಚಳಿಗಾಲದಲ್ಲಿ ಜ್ಯೋತಿಲಕ್ಷ್ಮಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣು ಕೂಸು. ಹಾಲು ಸಾಲದೆ ಕೂಸು ಅಳುತ್ತಿತ್ತು. ನಿಂಗಕ್ಕ ಸಬ್ಬಸಿಗೆ, ಬೆಳ್ಳುಳ್ಳಿ, ಕೊಬ್ಬರಿ ಎಲ್ಲ ಮಾಡಿ ಹಾಕಿದಳು. ಮಗಳು ಉಂಡಳು, ಬಾಳೆ ಮರಿಯ ಸಾರು ಮಾತ್ರ ಕೇಳಲಿಲ್ಲ. ಕೇಳದೆ ಇದ್ದದ್ದೇ ತಾಯಿಗೆ ಚುಚ್ಚುತ್ತಿತ್ತು. ಊರವರ ಬಾಣಂತಿಯರಿಗೆಲ್ಲ ಬಡಿಸಿದ ಕೈ ತನ್ನ ಮಗಳಿಗೆ ಇಲ್ಲ ಅನ್ನಬೇಕೆ? ಒಂದು ಬೆಳಿಗ್ಗೆ ಗುಡ್ಡಪ್ಪ ಟವೆಲಿನಲ್ಲಿ ಸುತ್ತಿದ ಏನನ್ನೋ ಒಲೆಯ ಪಕ್ಕದಲ್ಲಿಟ್ಟು, ಹೆಂಡತಿಯ ಮುಖ ನೋಡದೆ ಹಿತ್ತಲಿಗೆ ಹೋದ. ಬಿಚ್ಚಿದರೆ ಗೇಣುದ್ದದ ಬಾಳೆ ಮರಿ. ನಿಂಗಕ್ಕ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕೈಗೆ ಬೂದಿ ಮೆತ್ತಿಕೊಂಡಳು. ಸಾರು ಮಾಡಿ ಮಗಳಿಗೆ ಉಣ್ಣಿಸಿದಳು, ತಾನು ಒಂದು ಹನಿಯನ್ನೂ ನಾಲಿಗೆಗೆ ಹಚ್ಚಲಿಲ್ಲ.

ಮುಂದಿನ ಮಳೆಗಾಲವೇ ಡ್ಯಾಮಿನ ಗೇಟು ಕೊಚ್ಚಿಹೋದದ್ದು. ತುಂಬಿದ ಡ್ಯಾಮಿನ ನೀರು ತಡೆಯಿಲ್ಲದೆ ಹೊಳೆಗೆ ಬಂತು. ಕಂಪ್ಲಿ ಸೇತುವೆಯ ಹತ್ತಿರ ಪೊಲೀಸರು ಅಡ್ಡಗಟ್ಟಿದರು, ಗಂಗಾವತಿಯ ದಾರಿ ಬಂದ್ ಆಯಿತು. ನಿಂಗಕ್ಕ ಒಲೆ ಹೊತ್ತಿಸದೆ ಕೋಟೆಯ ಗೋಡೆಯ ಮೇಲೆ ನಿಂತು ಕೆಂಪು ನೀರು ನೋಡಿದಳು. ಗಿಡ, ಬಣವೆ, ಯಾರದೋ ಹರಿಗೋಲು, ಎಲ್ಲ ತೇಲಿ ಹೋಗುತ್ತಿದ್ದವು. ಗೇಟಿನ ಜಾಗಕ್ಕೆ ಹಲಗೆ ಇಳಿಸಿ ನೀರು ನಿಲ್ಲಿಸಿದ ಸುದ್ದಿ ಬಂದ ಮೇಲೆ ಹೊಳೆ ಮೆಲ್ಲಗೆ ಹಿಂದಕ್ಕೆ ಸರಿಯಿತು.

ಆಗಲೇ ಗುಡ್ಡಪ್ಪ ಏದುಸಿರು ಬಿಡುತ್ತಾ ಬಂದ. "ಜಲ್ದಿ ಬಾ. ಮರುಳಸಿದ್ದಪ್ಪನೋರ ಗದ್ದ್ಯಾಗ ನೋಡು ಬಾ."

ಮರುಳಸಿದ್ದಪ್ಪ ಎಮ್ಮಿಗನೂರಿನ ರೈತ. ಹೊಳೆದಂಡೆಯಲ್ಲಿ ಅವರದೊಂದು ತಗ್ಗು ಗದ್ದೆಯಿತ್ತು. ನಾಟಿ ಮಾಡಿದ ಭತ್ತದ ಮೇಲೆ ಹೊಳೆ ಹರಿದು, ಸರಿಯುವಾಗ ಬದುವಿನೊಳಗೆ ಮೊಣಕಾಲುದ್ದ ನೀರು ಬಿಟ್ಟು ಹೋಗಿತ್ತು. ಆ ನೀರು ಎಸರಿನಂತೆ ಕುದಿಯುತ್ತಿತ್ತು. ಬೆರಳುದ್ದ, ಗೇಣುದ್ದ, ಎಲ್ಲ ಬಾಳೆ ಮರಿಗಳು. ಬಿಸಿಲಿಗೆ ನೀರು ಕಾದು, ಉಸಿರಿಗಾಗಿ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಡ್ಯಾಮಿನಿಂದ ಇಳಿದವೋ, ಹೊಳೆಯಲ್ಲೇ ಹುಟ್ಟಿದವೋ ಯಾರಿಗೆ ಗೊತ್ತು! ಅಷ್ಟು ಮರಿಗಳನ್ನು ಒಂದೇ ಕಡೆ ನಿಂಗಕ್ಕ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಸೊಳ್ಳೆ ಪರದೆ, ಹಳೆಯ ಸೀರೆ, ಪ್ಲಾಸ್ಟಿಕ್ ಬುಟ್ಟಿ ಹಿಡಿದು ಆಗಲೇ ಜನ ಇಳಿದಿದ್ದರು. ಮರುಳಸಿದ್ದಪ್ಪ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದರು. ಕೊರಳಲ್ಲಿ ಲಿಂಗದ ಕರಡಿಗೆ, ಕಣ್ಣು ಕೊಳೆಯುತ್ತಿದ್ದ ಸಸಿಗಳ ಮೇಲೆ.

"ನೀನೂ ತಗೊಂಡ್ ಹೋಗವ್ವ" ಎಂದರು. "ನಾಳಿಗೆ ಎಂಜಿನ್ ಹಚ್ಚಿ ನೀರು ಎಳೀತೀನಿ. ಹಿಡೀಲಿಲ್ಲಂದ್ರ ಇಲ್ಲೇ ಸತ್ತು ನಾರ್ತಾವ."

"ಸಾವ್ಕಾರ್ರ, ಎಂಜಿನ್ ಯಾಕ್ರಿ? ಹೊಳಿ ಕಡಿ ಬದುವು ಒಡೀರಿ. ನೀರು ಹೊಳಿಗೆ ಹೋಗ್ತೈತಿ, ನೀರಿನ ಜೋಡಿ ಇವೂ ಹೋಗ್ತಾವ."

"ಆ ಬದುವು ಗಟ್ಟಿ ಮಾಡಾಕ ಎಷ್ಟು ವರ್ಷ ಮಣ್ಣು ಹಾಕೀನಿ ಗೊತ್ತೈತೇನು? ಒಡೆದ್ರ ಕಟ್ಟೋರು ಯಾರು?"

"ನಾವು ಕಟ್ತೀವ್ರಿ."

ಹಿಂದೆ ನಿಂತಿದ್ದ ಗುಡ್ಡಪ್ಪ ಮೆಲ್ಲಗೆ ಕೇಳಿದ, "ನಾವು ಅಂದ್ರ ಯಾರು?"

ಮರುಳಸಿದ್ದಪ್ಪನವರಿಗೆ ಅಂಥ ಹೊತ್ತಿನಲ್ಲೂ ನಗು ಬಂತು. ಕೊಡೆ ಮಡಿಸಿ, ಬದುವನ್ನು ಒಮ್ಮೆ ಕಾಲಿನಿಂದ ಒತ್ತಿ ನೋಡಿದರು. "ಬೆಳಿ ಹೋತು. ಇಷ್ಟು ಜೀವಾನೂ ನನ್ನ ಹೊಲದಾಗ ಹೋಗೂದು ಬ್ಯಾಡ. ಒಡೀರಿ."

ಗುಡ್ಡಪ್ಪ ಸಲಿಕೆ ತಂದ. ಬದುವು ಸೀಳಿ ನೀರು ಹೊಳೆಯತ್ತ ಜಾರತೊಡಗಿತು. ಆದರೆ ಮೀನುಗಳು ನಿಂಗಕ್ಕ ಎಣಿಸಿದಂತೆ ಹೋಗಲಿಲ್ಲ. ನೀರು ಆ ಕಡೆ ಎಳೆದಷ್ಟೂ ಇವು ಈ ಕಡೆ ತಿರುಗಿ, ಗದ್ದೆಯ ಮೇಲಿನ ಮೂಲೆಗೆ ಹೋಗಿ ಒತ್ತೊತ್ತಾಗಿ ನಿಂತವು. ಅವಳು ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು ಕೈ ಬಡಿದಳು, ಕೂಗಿದಳು. ಒಂದಿಷ್ಟು ಚದುರಿ ಮತ್ತೆ ಅಲ್ಲಿಗೇ ಬಂದವು.

"ಮೀನ ನೀರಿಗೆ ಎದುರು ಏರ್ತಾವಕ್ಕ. ನಿನ್ನ ಗಿರಾಕಿ ಏನು, ಕರೆದ ಕೂಡಲೇ ಬರಾಕ?"

ತಿರುಗಿ ನೋಡಿದರೆ ಪಾಲಪ್ಪ. ಕೈಯಲ್ಲಿ ಬುಟ್ಟಿಯಿತ್ತು. ಹಿಡಿಯಲೆಂದೇ ಬಂದವನು. ನಿಂಗಕ್ಕ ಮುಖದ ಮೇಲಿನ ಕೆಸರು ಒರೆಸಿಕೊಂಡು, "ಹಂಗಂದ್ರ ಹೆಂಗ ಮಾಡೂದು, ನೀನ ಹೇಳಣ್ಣ" ಎಂದಳು. ಆ ಮಾತಿನಲ್ಲಿ ಮುನಿಸಿರಲಿಲ್ಲ. ಪಾಲಪ್ಪ ಮೂಲೆಯಲ್ಲಿ ಮಿಸುಕುವ ರಾಶಿಯನ್ನು ನೋಡಿದ, ಕೆಸರಲ್ಲಿ ನಿಂತ ಅವಳನ್ನು ನೋಡಿದ. ಬುಟ್ಟಿಯನ್ನು ಬದುವಿನ ಮೇಲಿಟ್ಟ.

"ಒಂದು ಲೆಕ್ಕಕ್ಕ ಚಲೋ ಆತು. ನೀರು ಇಳೀತು, ಎಲ್ಲಾ ಒಂದ ಕಡಿ ಕೂಡ್ಯಾವ. ಬಾಚಿ ಎತ್ತಬೇಕು. ಇಲ್ಲಿ ಹೊಳಿಗೆ ಬಿಡಬ್ಯಾಡ, ಸೆಳವು ಭಾಳ ಐತಿ, ಹೊಡಕೊಂಡ್ ಹೋಗ್ತೈತಿ. ಕೋಟಿ ಕೆಳಗಿನ ಬಂಡಿಗಲ್ಲಿನ ಹಿಂದ ನೀರು ನಿಂತೈತಿ, ಅಲ್ಲಿಗೆ ಒಯ್ಯಬೇಕು."

"ಅಲ್ಲೀತನಕ ಕೊಡದಾಗ ಹೊರಾಕ ಆಕ್ಕೈತೇನು?" ಎಂದ ಗುಡ್ಡಪ್ಪ.

ಮರುಳಸಿದ್ದಪ್ಪ ರಸ್ತೆಯ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಅವರ ಟ್ರ್ಯಾಕ್ಟರ್ ಬದುವಿನ ತುದಿಗೆ ಬಂದು ನಿಂತಿತು. ಟ್ರೇಲರಿನಲ್ಲಿ ತಾಡಪತ್ರಿ ಹಾಸಿ ನೀರು ತುಂಬಿಸಿದ್ದರು. ಮುಂದಿನದೆಲ್ಲ ಕೈಗೆ ಕೈ. ಪಾಲಪ್ಪನೂ ಗುಡ್ಡಪ್ಪನೂ ಸೀರೆ ಹಿಡಿದು ಬಾಚುವರು, ನಿಂಗಕ್ಕ ಬಕೆಟ್ಟಿಗೆ ತುಂಬುವಳು, ಸುದ್ದಿ ಕೇಳಿ ಓಡಿ ಬಂದಿದ್ದ ಲಲಿತಾ ಹೊತ್ತು ಟ್ರೇಲರಿಗೆ ಸುರಿಯುವಳು. ಪರದೆ ಹಿಡಿದು ಬಂದಿದ್ದವರಲ್ಲಿ ಕೆಲವರು ತಮ್ಮ ಪಾಲು ಎತ್ತಿಕೊಂಡು ಹೋದರು. ನಿಂಗಕ್ಕ ತಡೆಯಲಿಲ್ಲ, ಅವರ ಮನೆಯಲ್ಲೂ ಒಲೆ ಹೊತ್ತಬೇಕು. ಇನ್ನು ಕೆಲವರು ಸುಮ್ಮನೆ ನೋಡುತ್ತಾ ನಿಂತವರು ಯಾವಾಗಲೋ ತಾವೂ ಬಕೆಟ್ ಹಿಡಿದರು. ಹುಟ್ಟಿದಾಗಿನಿಂದ ಮೀನು ಮುಟ್ಟದ ಮರುಳಸಿದ್ದಪ್ಪ ಡ್ರೈವರ್ ಸೀಟಿನಲ್ಲಿ ಕೂತು, ಮೂಗಿಗೆ ಟವೆಲ್ ಕಟ್ಟಿಕೊಂಡು, ನೀರು ಚೆಲ್ಲದಂತೆ ನಿಧಾನವಾಗಿ ಕೋಟೆಯ ಕಡೆಗೆ ಗಾಡಿ ಬಿಟ್ಟರು. ಸಂಜೆಯಾಗುವವರೆಗೆ ಹೋಗಿ ಬಂದು ಮಾಡಿದರು. ಸತ್ತವೂ ಬಹಳ ಇದ್ದವು. ಬದುಕಿದವು ಬಂಡೆಯ ಹಿಂದಿನ ತಣ್ಣೀರಿಗೆ ಬಿದ್ದ ಕೂಡಲೇ ಒಂದು ಕ್ಷಣ ಬೆರಗಾದಂತೆ ನಿಂತು, ಮೀಸೆ ಆಡಿಸಿ, ಕೆಳಗೆ ಇಳಿದು ಕಾಣದಾದವು.

ಬದುವು ಕಟ್ಟುವ ಮಾತನ್ನು ನಿಂಗಕ್ಕ ಉಳಿಸಿಕೊಂಡಳು. ಸೇತುವೆ ತೆರೆದು ಲಾರಿಗಳು ಓಡತೊಡಗಿದರೂ ಅವಳ ಒಲೆ ಹೊತ್ತಲಿಲ್ಲ, ಅವಳು ಗದ್ದೆಯಲ್ಲಿ ಮಣ್ಣಿನ ಬುಟ್ಟಿ ಹೊರುತ್ತಿದ್ದಳು. ಪಾಲಪ್ಪ ಕೇಳದೆಯೇ ಬಂದು ಮಣ್ಣು ತುಳಿದ. "ನಿನ್ನ ಸಲುವಾಗಿ ಅಲ್ಲ, ಸಾವ್ಕಾರ್ರ ಸಲುವಾಗಿ" ಎಂದು ಮೊದಲೇ ಹೇಳಿದ. ಮರುಳಸಿದ್ದಪ್ಪ ಆ ಗದ್ದೆಗೆ ಬೇಗ ಬರುವ ಭತ್ತ ತಂದು ಮತ್ತೆ ನಾಟಿ ಮಾಡಿಸಿದರು, ಬೆಳೆ ಅರ್ಧಕ್ಕರ್ಧ ಬಂತು.

ಹೊಳೆಯಲ್ಲಿ ಏನಾಯಿತೆಂದು ಹೇಳುವುದು ಕಷ್ಟ. ಮರು ವರ್ಷ ದಂಡೆಯ ಜೊಂಡಿನಲ್ಲಿ ಬಾಳೆ ಮರಿಗಳು ಹಿಂಡುಹಿಂಡಾಗಿ ಕಂಡವು ಎಂದು ಗುಡ್ಡಪ್ಪ ಹೇಳುತ್ತಾನೆ. ಹಿಡಿದ ಮೀನು ಕೂಡ ಒಂದಿಷ್ಟು ಉದ್ದವಾಗಿದೆ. ಆದರೆ ಅಂಗಳದ ಉದ್ದದ ಮೀನು ಇನ್ನೂ ಬಂದಿಲ್ಲ. ಬರಲು ವರ್ಷಗಳೇ ಬೇಕು ಎಂಬುದು ನಿಂಗಕ್ಕನಿಗೂ ಗೊತ್ತು. ಹೊಸಪೇಟೆಗೆ ಮರಿ ಒಯ್ಯುವವರು ಈಗಲೂ ಇದ್ದಾರೆ. ಪಾಲಪ್ಪ ಮಾತ್ರ ಹೋಗುವುದಿಲ್ಲ. ಕಾರಣ ಕೇಳಿದರೆ ಬಸ್ಸಿನಲ್ಲಿ ಸೊಂಟ ನೋಯುತ್ತದೆ ಅನ್ನುತ್ತಾನೆ. ಖಾನಾವಳಿಯಲ್ಲಿ ಈಗ ಬಾಳೆ ಸಾರು ದಿನಾ ಇರುವುದಿಲ್ಲ. ಇರುವ ದಿನ ಜಂಬುನಾಥ್‌ಗೆ ಲಲಿತಾ ಫೋನು ಹಚ್ಚುತ್ತಾಳೆ. ಇಲ್ಲದ ದಿನ ಮೊಟ್ಟೆ, ಬದನೆಕಾಯಿ, ಪುಂಡಿಪಲ್ಲೆ.

ಈ ಬೇಸಿಗೆಯಲ್ಲಿ ರಿಪೇರಿಗೆಂದು ಕಾಲುವೆ ನಿಲ್ಲಿಸಿದಾಗ ಎಮ್ಮಿಗನೂರಿನಿಂದ ಮರುಳಸಿದ್ದಪ್ಪನವರೇ ಹೇಳಿ ಕಳಿಸಿದರು: ತೂಬಿನ ಕೆಳಗಿನ ಗುಂಡಿಯಲ್ಲಿ ಮರಿಗಳು ಸಿಕ್ಕಿಕೊಂಡಿವೆ, ನೀರು ಬತ್ತುತ್ತಿದೆ. ಗುಡ್ಡಪ್ಪನೂ ಪಾಲಪ್ಪನೂ ಬೆಳಿಗ್ಗೆಯೇ ಹೋದರು. ನಿಂಗಕ್ಕ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ ಬುತ್ತಿ ಕಟ್ಟಿಕೊಂಡು ಲಲಿತಾಳ ಜೊತೆ ಆಟೋ ಹತ್ತಿದಳು. ಅವರು ತಲುಪುವಾಗ ಗಂಡಸರು ಗುಂಡಿಯಲ್ಲಿ ಸೊಂಟದವರೆಗೆ ಇಳಿದಿದ್ದರು. ಎಲ್ಲಿ ಬಾಚಬೇಕೆಂದು ಇಬ್ಬರಿಗೂ ಜಗಳ ನಡೆದಿತ್ತು. ಮರುಳಸಿದ್ದಪ್ಪ ಜಾಲಿಗಿಡದ ನೆರಳಲ್ಲಿ ಕೂತು ಇಬ್ಬರಿಗೂ ಬುದ್ಧಿ ಹೇಳುತ್ತಿದ್ದರು.

"ಬರ್ರಿ, ಮೊದಲ ಉಣ್ರಿ" ಎಂದು ನಿಂಗಕ್ಕ ದಂಡೆಯ ಮೇಲೆ ಬುತ್ತಿ ಬಿಚ್ಚಿದಳು. "ಸಾವ್ಕಾರ್ರ, ನಿಮ್ಮ ಬುತ್ತಿ ಬ್ಯಾರೆ ಕಟ್ಟೀನಿ. ಬ್ಯಾರೆ ಪಾತ್ರ್ಯಾಗ ಮಾಡಿದ್ದು, ಮೀನಿನ ಗಾಳಿನೂ ತಾಗಿಲ್ಲ."

ಮರುಳಸಿದ್ದಪ್ಪ ಕೈ ತೊಳೆದುಕೊಂಡು ಬಂದು ಕೂತರು. ಗಂಡಸರಿಬ್ಬರೂ ಒದ್ದೆ ಮೈಯಲ್ಲೇ ಮೇಲೆ ಹತ್ತಿ ಬಂದರು. ನಿಂಗಕ್ಕ ಎಲ್ಲರ ಕೈಗೂ ರೊಟ್ಟಿ ಹಾಕಿ, ತನಗೂ ಒಂದು ಮುರಿದುಕೊಂಡಳು.